ಮೂರನೇ ಗೂಟದ ಗ್ಲಾಸು

ಜನವರಿ 5, ಸೋಮವಾರ. ಬಸ್ಸಿನಲ್ಲಿ

ನವನಗರ ದಾಟಿದ ಮೇಲೆ ಸೀಟು ಸಿಕ್ಕಿತು. ಧಾರವಾಡದಿಂದ ಹುಬ್ಬಳ್ಳಿಗೆ ಓಡುವ ಈ ಚಿಗರಿ ಬಸ್ಸಿನ ಏಸಿ ನೇರ ನೆತ್ತಿಗೆ ಬಡಿಯುತ್ತಿದೆ. ಎರಡನೇ ಸೆಮಿಸ್ಟರ್ ಇವತ್ತಿನಿಂದ. ಮೊದಲನೇ ದಿನವೇ ಮಾರ್ಕೆಟಿಂಗ್ ಪ್ರೆಸೆಂಟೇಶನ್ ಬೇರೆ. ಸ್ಲೈಡ್ ನನ್ನವು, ಬಾಯಿ ಶಾಹೀನಳದು — ಹೋದ ಸೆಮಿಸ್ಟರಿನಿಂದ ಇದೇ ಒಪ್ಪಂದ. ಅವಳು ಹಳೇ ಹುಬ್ಬಳ್ಳಿಯ ಬಳೆ ಅಂಗಡಿಯವರ ಮಗಳು. ಗಿರಾಕಿಗಳ ಜೊತೆ ಮಾತಾಡುತ್ತಲೇ ಬೆಳೆದವಳು. ನಾನು ಟಿಕೆಟ್ ಕೌಂಟರಿನಲ್ಲಿ ಚಿಲ್ಲರೆ ಕೇಳುವುದಕ್ಕೂ ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡು ನೋಡುವವಳು. ಎಂಬಿಎ ಮಾಡಿ ಮಂದಿಯನ್ನು ಆಳುತ್ತೇನಂತೆ.

ಅದೇ ದಿನ, ಸಂಜೆ

ಪ್ರೆಸೆಂಟೇಶನ್ ಪಾರಾಯಿತು. ಆದರೆ ಕೊನೆಯ ಪೀರಿಯಡ್‌ನಲ್ಲಿ ಕೋಆರ್ಡಿನೇಟರ್ ಸರ್ ಬಂದರು. ಈ ಸೆಮಿಸ್ಟರ್ ಪ್ರತಿಯೊಬ್ಬರೂ ಒಂದು ಪ್ರೋಗ್ರಾಂ ಆರಿಸಿಕೊಳ್ಳಲೇಬೇಕು. ಒಂದು ಲೀಡರ್‌ಶಿಪ್, ಇನ್ನೊಂದು ಮೆಂಟರ್‌ಶಿಪ್. ಎರಡೂ ಬೇಡ ಅನ್ನುವ ಹಾಗಿಲ್ಲ, ಕ್ರೆಡಿಟ್ ಇದೆ.

ಲೀಡರ್‌ಶಿಪ್ ತಗೊಂಡವರು ವೇದಿಕೆ ಹತ್ತಿ ಐದು ನಿಮಿಷ ‘ನನ್ನ ಕಥೆ’ ಹೇಳಬೇಕು. ಎಲ್ಲಿಂದ ಬಂದಿರಿ, ನಿಮ್ಮ ಮನೆತನ ಯಾವುದು, ನಿಮ್ಮನ್ನು ಬೆಳೆಸಿದವರು ಯಾರು. “ತನ್ನ ಕಥಿ ತಾನ ಹೇಳಲಿಕ್ಕೆ ಬರದವರು ಮಂದೀನ ಏನ್ ಮುಂದ ಕರಕೊಂಡು ಹೋಗ್ತಾರ್ರಿ?” ಅಂದರು ಸರ್. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ತಲೆ ತಗ್ಗಿಸಿ ನೋಟ್‌ಬುಕ್ ತೆರೆದೆ.

ಮೆಂಟರ್‌ಶಿಪ್ ಅಂದರೆ ಶನಿವಾರ ಶನಿವಾರ ಒಬ್ಬ ವ್ಯಾಪಾರಿಯ ಹತ್ತಿರ ಹೋಗಿ ಕೂರುವುದು. ನೋಡುವುದು, ಕಲಿಯುವುದು. ಶುಕ್ರವಾರದೊಳಗೆ ತಿಳಿಸಬೇಕು. ಒಂದು ಸಲ ಬದಲಿಸಲು ಮಾರ್ಚ್ 9ರ ತನಕ ಅವಕಾಶ ಇದೆ.

ಜನವರಿ 7, ಬುಧವಾರ

ಶಾಹೀನ ಕ್ಯಾಂಟೀನಿನಲ್ಲಿ ಹಿಡಿದಳು.

“ಇಬ್ರೂ ಲೀಡರ್‌ಶಿಪ್ ತಗೊಳ್ಳೂಣು. ನಿನ್ನ ಅಂಜಿಕಿನೂ ಹೊಕ್ಕೇತಿ.”

“ಸ್ಟೇಜ್ ಅಂದ್ರ ನನಗ ಆಗಂಗಿಲ್ಲ, ನಿನಗ ಗೊತ್ತೈತಲ್ಲ.”

“ಸ್ಟೇಜ್ ಅಲ್ಲ ನಿನ್ನ ತ್ರಾಸು,” ಅಂದಳು. ಆಮೇಲೆ ಮಿರ್ಚಿ ತಿನ್ನತೊಡಗಿದಳು.

ಅವಳಿಗೆ ಗೊತ್ತು. ನಾನು ಹೇಳಿದ್ದಲ್ಲ. ದೀಪಾವಳಿ ರಜೆಯಲ್ಲಿ ಧಾರವಾಡಕ್ಕೆ ನಮ್ಮ ಮನೆಗೆ ಬಂದಿದ್ದಳು. ಹಾಲ್‌ನಲ್ಲಿ ಬುದ್ಧನ ಮೂರ್ತಿ, ಮೇಲೆ ಬಾಬಾಸಾಹೇಬರ ಫೋಟೊ. ನೋಡಿದಳು, ಅವ್ವ ಕೊಟ್ಟ ಹೋಳಿಗೆ ತಿಂದಳು, ಹೋದಳು. ಬೇರೆ ಯಾರಿಗೂ ಗೊತ್ತಿಲ್ಲ. ಕರುಣಾ ಹೊಸಮನಿ. ಕರುಣಾ ಯಾರ ಮನೆಯಲ್ಲಾದರೂ ಇರಬಹುದಾದ ಹೆಸರು. ಹೊಸಮನಿ ಎಲ್ಲ ಜಾತಿಯಲ್ಲೂ ಇರುವ ಅಡ್ಡಹೆಸರು. ಅದರ ಮರೆಯಲ್ಲಿ ಒಂದು ಸೆಮಿಸ್ಟರ್ ಕಳೆದೆ.

ನೋಡು, ಯಾರೂ ಓದದ ಡೈರಿಯಲ್ಲೂ ಬರೆಯಲು ಕೈ ಹಿಂಜರಿಯುತ್ತಿದೆ. ಬರಿ ಕರುಣಾ. ನಾವು ದಲಿತರು. ಅಜ್ಜನ ಕಾಲಕ್ಕೆ ಬೌದ್ಧರಾದವರು.

ಬರೆದೆ. ಏನೂ ಆಗಲಿಲ್ಲ.

ಜನವರಿ 9, ಶುಕ್ರವಾರ

ಮೆಂಟರ್‌ಶಿಪ್ ಆರಿಸಿದೆ. ಬಾಯಿ ಮುಚ್ಚಿಕೊಂಡು ಕೂತರೆ ಸಾಕು ಅನ್ನುವ ಒಂದೇ ಕಾರಣಕ್ಕೆ. ಶಾಹೀನ ಮಧ್ಯಾಹ್ನದವರೆಗೆ ಮಾತು ಬಿಟ್ಟಿದ್ದಳು. ಆಮೇಲೆ ಸ್ಲೈಡ್ ಬೇಕಾದವು, ಬಂದಳು.

ಜನವರಿ 17, ಶನಿವಾರ

ಮೊದಲನೇ ದಿನ. ಅಮರಗೋಳದ ಮಾರುಕಟ್ಟೆ. ಕಾಳು ಕಡಿಯ ದಲಾಲಿ ಅಂಗಡಿ. ಮಾಲೀಕರು ಶಾಂತಯ್ಯನವರು — ಅರವತ್ತು ದಾಟಿರಬೇಕು, ಬಿಳಿ ಟೋಪಿ, ಹಣೆ ತುಂಬ ವಿಭೂತಿ, ನಗುಮುಖ. ಎದ್ದು ನಿಂತು ಬರಮಾಡಿಕೊಂಡರು. ನನ್ನಂಥ ಪೋರಿಗೆ. ಅಂಗಡಿಯಲ್ಲಿ ಅವರಲ್ಲದೆ ಲೆಕ್ಕದ ಗುಮಾಸ್ತ ಇದ್ದಾನೆ, ಹೊರಗೆ ನಾಲ್ಕಾರು ಹಮಾಲರು. ಹೊಸ ಕಡಲೆ ಈಗಷ್ಟೇ ಬರಲು ಶುರುವಾಗಿದೆಯಂತೆ.

“ಸರ್, ನಾನು ಕರುಣಾ ಹೊಸಮನಿ.”

“ಸರ್ ಗಿರ್ ಬ್ಯಾಡವಾ, ಕಾಕಾ ಅನ್ನು. ಹೊಸಮನಿ? ಮೂಲ ಊರು ಯಾವುದು?”

“ನವಲಗುಂದ ಕಡೆರಿ.”

“ನವಲಗುಂದ ಕಡೆ ಹೊಸಮನ್ಯಾರೇನು. ಹತ್ತಿ ಯಾಪಾರ ಮಾಡ್ತಿದ್ರಲ್ಲ, ಅವರ ಪೈಕಿನ?”

ಆಗ ಏನಾಯಿತೋ. ಅಲ್ಲ ಅನ್ನಬೇಕಿತ್ತು. ಎರಡಕ್ಷರ. ತಲೆ ಅದರಷ್ಟಕ್ಕೆ ಅದು ಆಡಿತು, ಬಾಯಿಂದ “ಹೌದ್ರಿ” ಅಂತ ಬಂತು.

“ಮತ್ತ ಇದನ್ನ ಮೊದಲ ಹೇಳಬೇಕಿಲ್ಲೋ! ನಮ್ಮವರ ಆದ್ರಿ ಹಂಗಾರ. ಕೂಡು, ಕೂಡು. ಛಾ ತರಿಸ್ರಿ ಒಳಗ.”

ಬಸ್ಸಿನಲ್ಲಿ ಬರುವಾಗ ಕಿಟಕಿಗೆ ಹಣೆ ಆನಿಸಿ ಕೂತಿದ್ದೆ. ಎರಡು ತಾಸಿನಲ್ಲಿ ಅವರು ಏನೇನು ಕಲಿಸಿದರೋ, ಒಂದೂ ನೆನಪಿಲ್ಲ.

ಜನವರಿ 18, ಭಾನುವಾರ

ಅಪ್ಪ ಕೇಳಿದರು — “ಹೆಂಗದಾರ ನಿಮ್ಮ ಮೆಂಟರು?”

“ಛಲೋ ಅದಾರ್ರಿ.”

“ಏನೇನ್ ಕೇಳಿದ್ರು?”

“ಏನಿಲ್ರಿ. ಕಡ್ಲಿ ತೋರಿಸಿದ್ರು.”

ಅಪ್ಪ ಹೈಸ್ಕೂಲ್ ಹೆಡ್‌ಮಾಸ್ತರ್. ಎದುರಿಗಿರುವವರು ಸುಳ್ಳು ಹೇಳಿದರೆ ಚಷ್ಮಾ ತೆಗೆದು ಒರೆಸುತ್ತಾರೆ. ಇವತ್ತು ಒರೆಸಲಿಲ್ಲ. ಅದೇ ಇನ್ನೂ ಸಂಕಟ.

ನಾನು ಮೂರನೇ ಇಯತ್ತೆಯಲ್ಲಿದ್ದಾಗ ಅಪ್ಪನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಆ ಬೇಸಿಗೆ ಪೂರ್ತಿ ಕೇಶ್ವಾಪುರದಲ್ಲಿ ಬಾಡಿಗೆ ಮನೆ ಹುಡುಕಿದೆವು. ಅಪ್ಪನದು ಒಂದು ಪದ್ಧತಿ. ಬಾಗಿಲು ತೆಗೆದ ತಕ್ಷಣ, ಬಾಡಿಗೆ ಎಷ್ಟು ಅಂತ ಕೇಳುವುದಕ್ಕೂ ಮೊದಲು, ನಮಸ್ಕಾರ ಮಾಡಿ ನಾವು ಇಂಥವರು ಅಂತ ಹೇಳಿಬಿಡುವುದು. ನಾನು ಅವರ ಬೆರಳು ಹಿಡಿದು ನಿಂತಿರುತ್ತಿದ್ದೆ. ಮನೆಯವರ ಮುಖ ಬದಲಾಗುವುದು ಕಾಣುತ್ತಿತ್ತು. ನಗು ಇರುತ್ತಿತ್ತು, ಆದರೆ ಬೇರೆ ನಗು. “ಅಯ್ಯೋ, ನಿನ್ನೆನ ಅಡ್ವಾನ್ಸ್ ಇಸ್ಕೊಂಡ್ವಲ್ರಿ ಸರ್.” ಮತ್ತೊಂದು ಬಾಗಿಲು. ಒಮ್ಮೆ ನಾನು ಅತ್ತೆ — ಯಾಕ ಹೇಳ್ತೀರಿ ಅಪ್ಪಾ, ಹೇಳಬ್ಯಾಡ್ರಿ ಅಂತ.

“ಮೊದಲ ಹೇಳಿಬಿಡಬೇಕವಾ,” ಅಂದರು. “ಆಮ್ಯಾಲ ಗೊತ್ತಾದ್ರ, ನಾವು ಕದ್ದು ಒಳಗ ಹೊಕ್ಕಂಗ ಆಗ್ತದ.”

ಕೊನೆಗೆ ಒಬ್ಬ ರಿಟೈರ್ಡ್ ರೈಲ್ವೆಯವರು ಕೊಟ್ಟರು ಮನೆ. ಆದರೆ ಆ ಮುಖಗಳು ನನ್ನ ಹೊಟ್ಟೆಯಲ್ಲಿ ಕೂತವು. ನಿನ್ನೆ ಅಂಗಡಿಯಲ್ಲಿ ನಾನು ಶಾಂತಯ್ಯನವರಿಗೆ ಅಂಜಲಿಲ್ಲ. ಅವರ ಮುಖ ಬದಲಾಗುವುದಕ್ಕೆ ಅಂಜಿದೆ.

ಈಗ ಅಪ್ಪ ಅಂದ ಹಾಗೇ ಆಗಿದೆ. ಕದ್ದು ಒಳಗೆ ಹೊಕ್ಕಿದ್ದೇನೆ. ಇದು ಅಪ್ಪನಿಗೆ ಗೊತ್ತಾದರೆ ಬೈಯುವುದಿಲ್ಲ. ಸುಮ್ಮನಾಗುತ್ತಾರೆ. ಅವರು ಸುಮ್ಮನಾದರೆ ನಾನು ಸತ್ತ ಹಾಗೆ.

ಜನವರಿ 24, ಶನಿವಾರ

ಅಂಗಡಿಯ ಒಳಗೋಡೆಗೆ ಮೂರು ಗೂಟ. ಮೂರಕ್ಕೂ ಒಂದೊಂದು ಸ್ಟೀಲ್ ಗ್ಲಾಸು ಸಿಕ್ಕಿಸುವ ವ್ಯವಸ್ಥೆ, ಹಿಡಿಕೆ ಇರುವ ಗ್ಲಾಸು. ಒಂದು ಕಾಕಾನದು, ಒಂದು ಗುಮಾಸ್ತನದು. ಮೂರನೆಯದು ಬಂದವರಿಗೆ. ಅಂಚಿಗೆ ಸಣ್ಣ ನೆಗ್ಗು ಇದೆ, ತುಟಿಗೆ ತಾಕುತ್ತದೆ. ಹೋದ ವಾರ ಅದರಲ್ಲೇ ಚಹಾ ಕೊಟ್ಟಿದ್ದರು. ಗೌರವ ಅಂದುಕೊಂಡಿದ್ದೆ.

ಇವತ್ತು ಗಮನಿಸಿದೆ. ಇಬ್ಬರು ರೈತರು ಬಂದರು, ಒಬ್ಬರಾದ ಮೇಲೆ ಒಬ್ಬರು. ಕಾಕಾ ಇಬ್ಬರನ್ನೂ ನಗುತ್ತಲೇ ಕೇಳಿದರು — ಯಾವ ಊರು, ಯಾರ ಪೈಕಿ. ಮೊದಲನೆಯವನಿಗೆ ಗೂಟದ ಗ್ಲಾಸು ಇಳಿಯಿತು. ಎರಡನೆಯವನಿಗೆ ಪೇಪರ್ ಕಪ್. ಇಬ್ಬರಿಗೂ ಅದೇ ಕಿಟ್ಲಿಯ ಚಹಾ, ಅದೇ “ಕುಡೀರಿ, ಕುಡೀರಿ.” ಎರಡನೆಯವನು ಏನೂ ಅಂದುಕೊಂಡ ಹಾಗೆ ಕಾಣಲಿಲ್ಲ. ಹಮಾಲರಿಗೆಲ್ಲ ಪೇಪರ್ ಕಪ್ಪೇ.

ಮೊದಲು ಪ್ರಶ್ನೆ, ಆಮೇಲೆ ಚಹಾ. ಈ ಅಂಗಡಿಯ ನಡೆ ಅದು.

ನನ್ನ ಕೈಯಲ್ಲಿ ನೆಗ್ಗಿದ ಗ್ಲಾಸು. ಚಹಾ ಬಿಸಿ ಇತ್ತು, ಒಂದೇ ಗುಟುಕಿಗೆ ಕುಡಿದುಬಿಟ್ಟೆ. ನಾಲಿಗೆ ಇನ್ನೂ ಉರಿಯುತ್ತಿದೆ.

ಜನವರಿ 31, ಶನಿವಾರ

ಖರೆ ಹೇಳಬೇಕೆಂದರೆ ಕಾಕಾ ಒಳ್ಳೆಯ ಗುರು. ಕ್ಲಾಸಿನಲ್ಲಿ ಯಾರೂ ಹೀಗೆ ಕಲಿಸಿಲ್ಲ. ಚೀಲದೊಳಗೆ ಮೊಣಕೈ ತನಕ ಕೈ ಹಾಕಿಸಿದರು, ಕೆಳಗಿನ ಕಾಳು ಮೇಲೆ ತೆಗೆಸಿದರು. ಕಡಲೆ ಹಲ್ಲಿಗೆ ಕೊಟ್ಟರೆ ಟಕ್ ಅನ್ನಬೇಕು, ಮೆತ್ತಗಾದರೆ ಹಸಿ ಇದೆ ಅಂತ. “ಮಾಲ್ ನೋಡು, ಆಮ್ಯಾಲ ಮಾಲ್ ತಂದವನ ಮಾರಿ ನೋಡು. ಎರಡೂ ಒಂದ ಮಾತು ಹೇಳಬೇಕು.”

ಅಂದರೆ ನನ್ನ ಮುಖ ಅವರಿಗೆ ಏನು ಹೇಳುತ್ತಿದೆ? ಕೇಳಿಕೊಂಡೆ. ಏನೂ ಹೇಳುತ್ತಿಲ್ಲ. ಮಗಳಂತೆ ನೋಡಿಕೊಳ್ಳುತ್ತಾರೆ. ಬಿಸಿಲು ಹತ್ತಿದರೆ “ಲಗೂ ಹೋಗವಾ” ಅನ್ನುತ್ತಾರೆ. ಅವರು ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು.

ಫೆಬ್ರವರಿ 7, ಶನಿವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ತೂಕದ ಹತ್ತಿರ ನಿಂತಿದ್ದೆ. ಹಮಾಲರಲ್ಲಿ ಒಬ್ಬ, ಹನುಮೇಶ ಅಂತ, ಮೂವತ್ತೈದರ ಆಸುಪಾಸು — ಚೀಲ ಇಳಿಸಿ ಬೆವರು ಒರೆಸಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದ. ಹೋದ ವಾರವೂ ನೋಡಿದ್ದ. ಕಾಕಾ ಒಳಗಿದ್ದರು. ಹತ್ತಿರ ಬಂದು ಮೆಲ್ಲಗೆ ಕೇಳಿದ.

“ಅಕ್ಕಾರ, ನೀವು ಪ್ರತಾಪ ಸರ್ ಮಗಳಲ್ಲೇನ್ರಿ?”

ಕೇಳಿಸದ ಹಾಗೆ ತೂಕದ ಅಂಕಿ ನೋಡತೊಡಗಿದೆ.

“ಸರ್ ನಮಗ ಊರಾಗ ಗಣಿತಾ ಕಲಿಸ್ಯಾರ್ರಿ. ನಮ್ಮ ಓಣ್ಯಾಗ ನಿಮ್ಮ ಅಜ್ಜಾರ ಮನಿ. ನೀವು ಸಣ್ಣಾಕಿದ್ದಾಗ ಬುದ್ಧ ಪೌರ್ಣಿಮೆಗೆ ಬರ್ತಿದ್ರಿ.”

ನಾನು ಅಂಗಡಿಯ ಬಾಗಿಲ ಕಡೆ ನೋಡಿದೆ. ಅವನೂ ನೋಡಿದ. ಅಷ್ಟರಲ್ಲಿ ಅವನಿಗೆ ಎಲ್ಲ ತಿಳಿಯಿತು. ನಾನು ಒಳಗೆ ಯಾವ ಗ್ಲಾಸಿನಲ್ಲಿ ಕುಡಿಯುತ್ತೇನೆ ಅಂತ ಅವನು ಪ್ರತಿ ಶನಿವಾರ ನೋಡುತ್ತಾನಲ್ಲ, ಕಿಟ್ಲಿ ತರುವವನೇ ಅವನು.

“ನಾ ಏನೂ ಹೇಳಂಗಿಲ್ಲ ಬಿಡ್ರಿ,” ಅಂದ. “ಸರ್‌ಗೆ ನಮಸ್ಕಾರ ಹೇಳ್ರಿ.”

ಆಮೇಲೆ ಚಹಾ ತಂದ. ನನಗೆ ಗೂಟದ ಗ್ಲಾಸಿಗೆ ಬಗ್ಗಿಸಿದ. ಆ ಗ್ಲಾಸಿಗೆ ಅವನ ಕೈ ನಡೆಯುತ್ತದೆ, ತುಟಿ ನಡೆಯುವುದಿಲ್ಲ. ತನ್ನದನ್ನು ಪೇಪರ್ ಕಪ್ಪಿಗೆ ಬಗ್ಗಿಸಿಕೊಂಡು ಹೊರಗೆ ಹೋಗಿ ಚೀಲದ ಮೇಲೆ ಕೂತ. ನನ್ನ ಕಡೆ ಬೆನ್ನು ಮಾಡಿ ಕೂತ, ನನಗೆ ನಾಚಿಕೆಯಾಗಬಾರದು ಅಂತ. ನಾಚಿಕೆಯಾಯಿತು. ಕುಡಿಯಲೂ ಇಲ್ಲ, ಬಿಡಲೂ ಇಲ್ಲ.

ಅವನು ಊರಿಗೆ ಹೋಗುತ್ತಾನೆ. ಊರಿನಲ್ಲಿ ಯಾರಿಗಾದರೂ ಹೇಳುತ್ತಾನೆ. ಅಪ್ಪನಿಗೆ ಫೋನ್ ಬರುತ್ತದೆ. ಇವತ್ತು ಮನೆಯಲ್ಲಿ ಅಪ್ಪನ ಫೋನ್ ರಿಂಗಾದಾಗಲೆಲ್ಲ ನಾನೇ ಓಡಿ ಹೋಗಿ ನೋಡಿದೆ. ಗ್ಯಾಸ್ ಸಿಲಿಂಡರಿನವರು. ಸೋದರತ್ತೆ. ಮತ್ತೆ ಸೋದರತ್ತೆ.

ಫೆಬ್ರವರಿ 15, ಭಾನುವಾರ

ನಿನ್ನೆ ಜ್ವರ ಅಂತ ಹೇಳಿ ಅಂಗಡಿಗೆ ಹೋಗಲಿಲ್ಲ. ಕಾಕಾ ಫೋನ್ ಮಾಡಿಬಿಟ್ಟರು. “ಜ್ವರ ಇಳೀತೇನವಾ? ನಾಳೆ ಶಿವರಾತ್ರಿ, ಮನಿಗೆ ಬಾ. ನಿಮ್ಮ ಕಾಕು ನೋಡಬೇಕಂತಾಳ.” ಇಲ್ಲ ಅನ್ನುವುದು ನನಗೆ ಯಾವಾಗ ಬಂದಿದೆ?

ಮನೆ ಕೇಶ್ವಾಪುರದಲ್ಲಿ. ಆ ಬೇಸಿಗೆ ನಾವು ಅಲೆದ ರಸ್ತೆಯ ಹಿಂದಿನ ರಸ್ತೆ. ಅವರ ಹೆಂಡತಿ ಬಾಳವ್ವ ಬಾಗಿಲಲ್ಲೇ ಕೈ ಹಿಡಿದುಕೊಂಡರು. ತಾವೇ ನನ್ನ ಹಣೆಗೆ ವಿಭೂತಿ ಹಚ್ಚಿದರು. ಮೂರು ಬೆರಳು, ತಣ್ಣಗೆ. ನಾನು ಕಣ್ಣು ಮುಚ್ಚಿ ನಿಂತಿದ್ದೆ.

“ನಿನಗ ಲಿಂಗಧಾರಣಿ ಆಗೇತಿಲ್ಲೋ?”

“ಇಲ್ರಿ.”

“ಈಗಿನ ತಂದಿ ತಾಯಿಗೋಳು ಬರೇ ಸಾಲಿ ಸಾಲಿ ಅಂತಾರ. ನಿಮ್ಮ ಮಠ ಯಾವುದವಾ?”

“ನಮ್ಮ ಮನ್ಯಾಗ ಅಷ್ಟೇನೂ ಇಲ್ರಿ.”

ಎರಡೂ ಖರೆ. ಒಂದೊಂದು ಖರೆ ಮಾತೂ ಸುಳ್ಳಿನ ಗೋಡೆಗೆ ಇಟ್ಟಿಗೆಯಾಗುತ್ತಿತ್ತು. ದೇವರ ಮನೆಯ ಹೊಸ್ತಿಲ ತನಕ ಕರೆದೊಯ್ದರು. ಶೇಂಗಾ ಉಂಡಿ ಕೊಟ್ಟರು. ಖರ್ಜೂರ, ಬಾಳೆಹಣ್ಣು ಕಟ್ಟಿಕೊಟ್ಟರು. ಹೊರಡುವಾಗ ಬಾಳವ್ವ ನನ್ನ ಗಲ್ಲ ಸವರಿ ದೃಷ್ಟಿ ತೆಗೆದು ನೆಟಿಗೆ ಮುರಿದರು.

ಬಸ್‌ಸ್ಟಾಪಿನಲ್ಲಿ ಕರವಸ್ತ್ರದಿಂದ ಹಣೆ ಒರೆಸಿಕೊಂಡೆ. ಪೂರ್ತಿ ಹೋಯಿತೋ ಇಲ್ಲವೋ ಅಂತ ಮೊಬೈಲಿನಲ್ಲಿ ಮುಖ ನೋಡಿಕೊಂಡೆ. ಮನೆಗೆ ಬಂದಾಗ ಅವ್ವ “ಮಾರಿ ಯಾಕ ಹಿಂಗಾಗೇತಿ” ಅಂದಳು. ಬಿಸಿಲು ಅಂದೆ.

ಫೆಬ್ರವರಿ 23, ಸೋಮವಾರ

ಮುಗಿಯಿತು ನನ್ನ ಕಥೆ.

ಮಾರ್ಚ್ 14, ಶನಿವಾರ, ಓಪನ್ ಡೇ. ಎರಡೂ ಪ್ರೋಗ್ರಾಂಗಳಿಗೆ ಒಂದೇ ದಿನ. ಬೆಳಿಗ್ಗೆ ಲೀಡರ್‌ಶಿಪ್‌ನವರು ವೇದಿಕೆ ಮೇಲೆ ‘ನನ್ನ ಕಥೆ’ ಹೇಳುತ್ತಾರೆ. ಮಧ್ಯಾಹ್ನ ಮೆಂಟರ್‌ಶಿಪ್‌ನವರು ತಮ್ಮ ಮೆಂಟರ್ ಮತ್ತು ತಂದೆ ತಾಯಿಯನ್ನು ಒಂದೇ ಟೇಬಲ್ಲಿಗೆ ಕೂರಿಸಿ ಪರಸ್ಪರ ಪರಿಚಯ ಮಾಡಿಸಬೇಕು. ಮೆಂಟರ್‌ಗಳಿಗೆ, ಪಾಲಕರಿಗೆ ಎಲ್ಲರಿಗೂ ಕಾಲೇಜಿನಿಂದಲೇ ಮೆಸೇಜ್ ಹೋಗಿದೆ. ತಡೆಯುವುದು ಹೇಗೆ?

ಮನೆಗೆ ಬಂದರೆ ಅಪ್ಪ ಆಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ. “ಎರಡನೇ ಶನಿವಾರ, ರಜಾನೂ ಬೇಕಾಗಿಲ್ಲ,” ಅಂದರು. ಬಿಳಿ ಶರಟು ಇಸ್ತ್ರಿಗೆ ಕೊಡಲು ತೆಗೆದಿಟ್ಟಿದ್ದಾರೆ, ಇನ್ನೂ ಮೂರು ವಾರ ಇರುವಾಗ.

ಕಣ್ಣ ಮುಂದೆ ಬರುತ್ತಿದೆ. ಅಪ್ಪ ಕೈ ಮುಗಿಯುತ್ತಾರೆ. ತಮ್ಮ ಪದ್ಧತಿಯಂತೆ ಮೊದಲನೇ ಮಾತಿಗೇ ಹೇಳುತ್ತಾರೆ. ಕಾಕಾ ನನ್ನ ಕಡೆ ತಿರುಗುತ್ತಾರೆ — ಹತ್ತಿ ವ್ಯಾಪಾರದ ಹೊಸಮನ್ಯಾರು ಅಂದಿದ್ಯಲ್ಲವಾ? ಆಮೇಲೆ ಅಪ್ಪ ನನ್ನ ಕಡೆ ತಿರುಗುತ್ತಾರೆ.

ಶಾಹೀನಳಿಗೆ ಎಲ್ಲ ಹೇಳಿದೆ, ಲೈಬ್ರರಿಯ ಹಿಂದೆ, ಅಳುತ್ತಾ. ಅವಳು ಬೈಯಲಿಲ್ಲ. “ಅವರಿಬ್ರೂ ಭೆಟ್ಟಿ ಆಗೂಕಿಂತ ಮೊದಲ ಒಬ್ರಿಗಾದ್ರೂ ಹೇಳು,” ಅಂದಳು. “ಯಾರಿಗೆ ಹೇಳೂದು ನಿನಗ ಸಸಾರ ಆಕ್ಕೇತಿ?”

ಸಸಾರ! ಸುಲಭವಂತೆ. ಆದರೂ ಯೋಚಿಸಿದೆ. ಕಾಕಾನಿಗೆ. ಅವರ ಮುಖ ಬದಲಾದರೆ ತಡಕೊಳ್ಳಬಹುದು. ಅಪ್ಪನದು ಬದಲಾದರೆ ಆಗುವುದಿಲ್ಲ.

ಫೆಬ್ರವರಿ 28, ಶನಿವಾರ. ಬಸ್ಸಿನಲ್ಲಿ

ಹೇಳಿದೆ. ಹೇಳಿದೆ. ಹೇಳಿದೆ.

ಗುಮಾಸ್ತ ಬ್ಯಾಂಕಿಗೆ ಹೋಗಿದ್ದ. ಕಾಕಾ ಮುಷ್ಟಿಯಲ್ಲಿ ಕಡಲೆ ಹಿಡಿದು ಆರಿಸುತ್ತಿದ್ದರು. ನಾನು ತೂಕದ ಕಂಬ ಹಿಡಿದುಕೊಂಡೆ.

“ಕಾಕಾ, ಒಂದು ಮಾತ್ರಿ. ಅವತ್ತ ಹೊಸಮನ್ಯಾರು ಅಂದ್ರಲ್ರಿ, ನೀವು ತಿಳಕೊಂಡ ಹೊಸಮನ್ಯಾರು ಅಲ್ರಿ ನಾವು. ನಾವು ದಲಿತರು. ಬೌದ್ಧರು. ನಮ್ಮ ಅಪ್ಪಾರು ಹೈಸ್ಕೂಲ್ ಮಾಸ್ತರು. ಅವತ್ತ ಹೇಳಬೇಕಾಗಿತ್ತು, ಅಂಜಿಕಿ ಬಂತು.”

ಅವರು ಮುಷ್ಟಿ ಬಿಚ್ಚಿ ಕಡಲೆ ನೋಡಿದರು. ಮೆಲ್ಲಗೆ ಚೀಲಕ್ಕೆ ಸುರಿದರು. ಕೈ ಜಾಡಿಸಿಕೊಂಡರು. ನಾನು ಅವರ ಮುಖ ನೋಡುತ್ತಿದ್ದೆ — ಈಗ ಬದಲಾಗುತ್ತದೆ, ಈಗ. ಬದಲಾಗಲಿಲ್ಲ.

“ಅಂಜೂದ್ಯಾಕವಾ, ನಾ ಏನ್ ಹುಲಿ ಏನು?” ಅಂದರು. “ಈಗಿನ ಕಾಲದಾಗ ಯಾರ್ ನೋಡ್ತಾರ ಇದನ್ನೆಲ್ಲ. ನೀ ಶಾಣ್ಯಾ ಹುಡುಗಿ. ಮುಂದಿನ ವಾರ ಬಾ, ಟೆಂಡರ್ ಹಾಕೂದು ತೋರಸ್ತೇನಿ.”

“ಓಪನ್ ಡೇಕ ಅಪ್ಪಾರು ಬರ್ತಾರ್ರಿ.”

“ಬರಲಿ. ಮಾಸ್ತರ್ನ ನೋಡ್ತೇನಿ.”

ಚಹಾ ಬರುವ ಮೊದಲೇ ಹೊರಟುಬಂದೆ, ಅಳು ತಡೆಯಲಾಗದೆ. ಈಗಲೂ ಅಳುತ್ತಿದ್ದೇನೆ, ಪಕ್ಕದ ಸೀಟಿನ ಆಂಟಿ ನೀರಿನ ಬಾಟಲಿ ಕೊಟ್ಟರು. ಇಷ್ಟು ದಿನ ಅಂಜಿದ್ದೆಲ್ಲ ದಂಡ. ಬಾಗಿಲುಗಳೆಲ್ಲ ಒಂದೇ ಥರ ಇರುವುದಿಲ್ಲ. ಅಪ್ಪನಿಗೂ ಹೇಳಿಬಿಡಬಹುದು ಈಗ. ಇವತ್ತು ಬೇಡ. ನಾಳೆ.

ಮಾರ್ಚ್ 7, ಶನಿವಾರ

ಅಪ್ಪನಿಗೆ ಹೇಳಿರಲಿಲ್ಲ. ವಾರಪೂರ್ತಿ ನಾಳೆ ನಾಳೆ ಅಂದುಕೊಂಡೆ. ಆದರೆ ಹಗುರಾಗಿದ್ದೆ, ಇವತ್ತು ಹಾಡು ಗುನುಗುತ್ತಾ ಅಮರಗೋಳದಲ್ಲಿ ಇಳಿದೆ.

“ಬಾರವಾ, ಬಾ,” ಅಂದರು ಕಾಕಾ. ಅದೇ ನಗು. ಟೆಂಡರ್ ತೋರಿಸಿದರು, ಪಕ್ಕದ ಅಂಗಡಿಯವರ ದರ ಹೇಗೆ ಅಂದಾಜು ಮಾಡಬೇಕು, ಎಲ್ಲಿ ಬಿಡಬೇಕು. ನನ್ನನ್ನೇ ಕೇಳಿದರು, ನೀನಾದರೆ ಎಷ್ಟಕ್ಕೆ ಹಾಕುತ್ತಿದ್ದೆ ಅಂತ. ನಾನು ಹೇಳಿದ್ದು ಸರಿ ಇತ್ತು. ಗುಮಾಸ್ತನಿಗೆ ಕೂಗಿ ಹೇಳಿದರು — “ನೋಡೋ, ನಿನಗಿಂತ ಛಲೋ ತಿಳಿತೈತಿ ಇಕಿಗೆ.”

ಆಮೇಲೆ ಚಹಾ.

ಹನುಮೇಶ ಕಿಟ್ಲಿ ತಂದ. ಗೂಟದಿಂದ ಒಂದು ಗ್ಲಾಸು ಕಾಕಾನಿಗೆ ಇಳಿಸಿದ, ಒಂದು ಗುಮಾಸ್ತನಿಗೆ. ನನ್ನ ಮುಂದೆ ಪೇಪರ್ ಕಪ್ ಇಟ್ಟ. ತಲೆ ಎತ್ತಲಿಲ್ಲ ಅವನು.

ಮೂರನೇ ಗೂಟ ನೋಡಿದೆ. ಗ್ಲಾಸು ಇತ್ತು. ಆದರೆ ನೆಗ್ಗು ಇಲ್ಲ. ಹೊಸದು, ಫಳಫಳ. ಬುಡಕ್ಕೆ ಪಾತ್ರೆ ಅಂಗಡಿಯ ಚೀಟಿ ಇನ್ನೂ ಅರ್ಧ ಅಂಟಿಕೊಂಡಿತ್ತು.

ಕಾಕಾ ನನ್ನ ಕಪ್ ನೋಡಿದರು. ನಾನು ನೋಡಿದ್ದನ್ನೂ ನೋಡಿದರು. “ಕುಡಿ, ಆರತೈತಿ,” ಅಂದರು. ನಂತರ ಕಡಲೆಯ ದರದ ಮಾತು ಎತ್ತಿದರು. ಮುಖ ಬದಲಾಗಲಿಲ್ಲ, ಇವತ್ತೂ ಇಲ್ಲ. ನಗುತ್ತಲೇ ಇದ್ದರು. ಮುಖಕ್ಕೆ ಅಂಜಿದ್ದೆ ನಾನು, ಕೈಯನ್ನು ನೋಡಬೇಕಿತ್ತು.

ಕುಡಿದೆ. ಪೂರ್ತಿ ಕುಡಿದೆ. ಎದ್ದು “ಬರ್ತೇನ್ರಿ ಸರ್” ಅಂದೆ. ಸರ್ ಅಂದದ್ದು ಅವರಿಗೆ ಚುರುಕ್ ಅಂದಿತು ಅಂತ ಕಾಣುತ್ತದೆ, ಒಂದು ಕ್ಷಣ ಪೆನ್ನು ನಿಂತಿತು. ಮತ್ತೆ ಬರೆಯತೊಡಗಿದರು.

ಗೇಟಿನ ತನಕ ಹನುಮೇಶ ಹಿಂದೆ ಬಂದ. ನಾನೇ ಕೇಳಿದೆ, ಗ್ಲಾಸು ಬದಲಿಸಲು ಯಾರು ಹೇಳಿದ್ದು ಅಂತ. ಗುಮಾಸ್ತ ಅನ್ನಲಿ, ಗುಮಾಸ್ತ ಅನ್ನಲಿ ಅಂತ ಬೇಡಿಕೊಳ್ಳುತ್ತಿದ್ದೆ.

“ಸಾವ್ಕಾರ್ರ ಹೇಳಿದ್ರು,” ಅಂದ. “ಹಳೇದು ಹೊರಗ ಒಗದುಬಿಡು, ಹೊಸಾದು ತಂದಿಡು ಅಂದ್ರು. ಹೋದ ಶನಿವಾರನ, ನೀವು ಹೋದ ಮ್ಯಾಲ.”

ನಾನು ತಿರುಗಿ ಅಂಗಡಿಯ ಕಡೆ ನೋಡಿದೆ. ಆಮೇಲೆ ಅವನೇ ಅಂದ.

“ನಾ ಒಗದಿಲ್ರಿ. ಮನಿಗೆ ಒಯ್ದೇನಿ. ಛಲೋ ಸ್ಟೀಲ್ ಐತಿ. ನಮ್ಮ ಹುಡುಗ್ರು ಅದರಾಗ ಹಾಲ್ ಕುಡಿತಾವ.”

ನಗು ಬಂತು ನನಗೆ. ಅವನಿಗೂ ಬಂತು. ಮಾರುಕಟ್ಟೆಯ ಗೇಟಿನಲ್ಲಿ ಇಬ್ಬರೂ ಹುಚ್ಚರ ಹಾಗೆ ನಕ್ಕೆವು.

ಮಾರ್ಚ್ 9, ಸೋಮವಾರ

ನಿನ್ನೆ ಏನೂ ಬರೆಯಲಾಗಲಿಲ್ಲ. ಸಿಟ್ಟು ಬರಬೇಕಿತ್ತು. ಬಂತು, ಆದರೆ ಅದಕ್ಕಿಂತ ಮೊದಲು ಅಂಜಿಕೆ ಬಂತು. ಮಾರ್ಚ್ 14ಕ್ಕೆ ಆ ಟೇಬಲ್ಲಿನಲ್ಲಿ ಎಲ್ಲ ಸುಸೂತ್ರ ನಡೆದುಬಿಡುತ್ತದೆ. ಕಾಕಾ ಬಾಯಿ ತುಂಬ ಹೊಗಳುತ್ತಾರೆ. ಅಪ್ಪ ಕೈ ಮುಗಿದು, ನಮ್ಮ ಹುಡುಗೀನ ಮಗಳಂಗ ನೋಡಿದ್ರಿ, ಭಾಳ ಉಪಕಾರ ಆತ್ರಿ ಅನ್ನುತ್ತಾರೆ. ಆ ಗ್ಲಾಸು ಎಸೆಯಲು ಹೇಳಿದ ಮನುಷ್ಯನಿಗೆ ಅಪ್ಪ ಕೈ ಮುಗಿಯುತ್ತಾರೆ. ನಾನು ಪಕ್ಕದಲ್ಲಿ ನಗುತ್ತಾ ಕೂತಿರಬೇಕು. ಮೊದಲು ಗೊತ್ತಾಗುತ್ತದೆ ಅಂತ ಅಂಜಿದ್ದೆ. ಈಗ ಗೊತ್ತಾಗುವುದಿಲ್ಲ ಅಂತ ಅಂಜಿಕೆ.

ಇವತ್ತು ಬದಲಿಸಲು ಕೊನೆಯ ದಿನ. ಮಧ್ಯಾಹ್ನ ಕೋಆರ್ಡಿನೇಟರ್ ಸರ್ ಕ್ಯಾಬಿನ್ನಿಗೆ ಹೋದೆ. ಮೂರು ಸಲ ಬಾಗಿಲ ತನಕ ಹೋಗಿ ವಾಪಸು ಬಂದು.

“ಮೆಂಟರ್‌ಶಿಪ್ ಬಿಟ್ಟು ಲೀಡರ್‌ಶಿಪ್? ಈಗ? ಐದು ದಿನದಾಗ ಸ್ಟೇಜ್ ಮ್ಯಾಲ ನಿಂದರಬೇಕಾಗ್ತದ, ಗೊತ್ತದ ಇಲ್ಲೋ?”

“ಗೊತ್ತೈತ್ರಿ ಸರ್.”

“ಯಾಕ, ಮೆಂಟರ್ ಸರಿ ಇರಲಿಲ್ಲೇನು?”

“ಛಲೋ ಕಲಿಸಿದ್ರು ಸರ್. ನನಗ ಮಾತಾಡೂದು ಕಲೀಬೇಕಾಗೇತಿ.”

ಹೊರಗೆ ಶಾಹೀನ ಕಾಯುತ್ತಿದ್ದಳು. ಅಪ್ಪಿಕೊಂಡಳು. ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು, ಮಾರ್ಚ್ ತಿಂಗಳ ಬಿಸಿಲಿನಲ್ಲಿ.

ಮಾರ್ಚ್ 12, ಗುರುವಾರ

‘ನನ್ನ ಕಥೆ’ ಏಳನೇ ಸಲ ಹರಿದೆ. ಎಲ್ಲಿಂದ ಶುರು ಮಾಡಿದರೂ ಗೂಟಕ್ಕೆ ಬಂದು ನಿಲ್ಲುತ್ತದೆ. ಅಂಗಡಿಯ ಹೆಸರು ಹೇಳುವುದಿಲ್ಲ, ಅವರ ಹೆಸರೂ ಹೇಳುವುದಿಲ್ಲ. ನಾನು “ಹೌದ್ರಿ” ಅಂದದ್ದು ಮಾತ್ರ ಹೇಳಬೇಕು. ಹೇಳದಿದ್ದರೆ ಉಳಿದದ್ದೆಲ್ಲ ಬರೀ ಭಾಷಣ.

ಅಪ್ಪನಿಗೆ ಪ್ರೋಗ್ರಾಂ ಬದಲಿಸಿದ್ದು ಹೇಳಿದೆ. ಕಾರಣ ಹೇಳಲಿಲ್ಲ. “ಸ್ಟೇಜ್ ಮ್ಯಾಲ? ನೀನು?” ಅಂದವರು ಎದ್ದು ಹೋಗಿ ಪಕ್ಕದ ಮನೆಯವರಿಗೂ ಹೇಳಿ ಬಂದರು. ಅಷ್ಟು ಖುಷಿ. ಹೇಗೆ ಹೇಳಲಿ? ವೇದಿಕೆ ಮೇಲಿಂದ, ನೂರಾರು ಮಂದಿಯ ನಡುವೆ, ಮೊದಲ ಸಲ ಕೇಳಬೇಕೇ ಅವರು? ಅದು ಮೋಸ. ಮನೆಯಲ್ಲಿ ಹೇಳಬೇಕು. ಇವತ್ತು. ಊಟಕ್ಕೆ ಕೂತಾಗ.

ಹೇಳಲಿಲ್ಲ. ಜುಣಕಾ ಛಲೋ ಆಗಿತ್ತು, ಅದನ್ನೇ ಹೇಳಿದೆ.

ಮಾರ್ಚ್ 14, ಶನಿವಾರ. ಆಡಿಟೋರಿಯಂ, ಬೆಳಿಗ್ಗೆ ಹತ್ತೂವರೆ

ಶಾಹೀನ ಮಾತಾಡುತ್ತಿದ್ದಾಳೆ. ಬಳೆ ಅಂಗಡಿಯ ಕಥೆ. ಎಲ್ಲರೂ ನಗುತ್ತಿದ್ದಾರೆ. ಅವಳಾದ ಮೇಲೆ ಇನ್ನೊಬ್ಬ ಹುಡುಗ, ಅವನಾದ ಮೇಲೆ ನಾನು.

ಅಪ್ಪ ನನ್ನ ಪಕ್ಕದಲ್ಲಿ. ಬಿಳಿ ಶರಟು. ಅವ್ವ ಆ ಬದಿಗೆ. ಇನ್ನೂ ಹೇಳಿಲ್ಲ. ಬಸ್ಸಿನಲ್ಲಿ ಹೇಳೋಣ ಅಂದುಕೊಂಡೆ, ಅಪ್ಪನಿಗೆ ಸೀಟು ಸಿಗಲಿಲ್ಲ. ಗೇಟಿನಲ್ಲಿ ಹೇಳೋಣ ಅಂದುಕೊಂಡೆ, ಸರ್ ಬಂದು ಮಾತಾಡಿಸಿದರು. ನೆಪಗಳಿಗೇನು ಕಡಿಮೆ. ಬರೆಯುವುದು ನಿಲ್ಲಿಸಿದರೆ ಎದ್ದು ಓಡುತ್ತೇನೆ.

ಬಿಳಿ ಟೋಪಿ.

ಮೂರು ಸಾಲು ಮುಂದೆ. ಬಂದಿದ್ದಾರೆ. ಎಲ್ಲ ಮೆಂಟರ್‌ಗಳಿಗೂ ಮೆಸೇಜ್ ಹೋಗಿತ್ತಲ್ಲ. ನಾನು ಬಿಟ್ಟ ಸುದ್ದಿ ಅವರಿಗೆ ಯಾರೂ ಹೇಳಿಲ್ಲವೋ, ಗೊತ್ತಿದ್ದೂ ಬಂದರೋ. ತಿರುಗಿ ಸಾಲುಗಳನ್ನು ನೋಡುತ್ತಿದ್ದಾರೆ. ಕಂಡೆ ನಾನು ಅವರಿಗೆ. ಕೈ ಎತ್ತಿದರು, ಅದೇ ನಗು.

ಅಪ್ಪ ನೋಡಿಬಿಟ್ಟರು. “ಅವರ ಏನವಾ ನಿಮ್ಮ ಮೆಂಟರು? ಪ್ರೋಗ್ರಾಂ ಬಿಟ್ರ ಏನಾತು, ಎರಡು ತಿಂಗಳು ಕಲಿಸ್ಯಾರ. ಒಂದು ನಮಸ್ಕಾರ ಮಾಡಿ ಬರ್ತೇನಿ.”

ಚಪ್ಪಾಳೆ. ಶಾಹೀನ ಇಳಿಯುತ್ತಿದ್ದಾಳೆ. ನನ್ನನ್ನೇ ನೋಡುತ್ತಿದ್ದಾಳೆ.

ಅಪ್ಪ ಎದ್ದರು. ಶರಟು ಸರಿ ಮಾಡಿಕೊಂಡರು. ಕೈ ಆಗಲೇ ಜೋಡಿಸಿಕೊಂಡಿದ್ದಾರೆ.

ಎಡಗೈಯಿಂದ ಅವರ ತೋಳು ಹಿಡಿದಿದ್ದೇನೆ. ಬಿಡುವುದಿಲ್ಲ. ಮೊದಲೇ ಹೇಳಿಬಿಡಬೇಕು. “ಕೂಡ್ರಿ ಅಪ್ಪಾ,” ಅಂದೆ. “ಅವರಿಗೆ ಕೈ ಮುಗಿಯೂಕಿಂತ ಮೊದಲ ನಾ ಹೇಳೂದು ಕೇಳ್ರಿ. ಅವರ ಅಂಗಡ್ಯಾಗ ನಾ…”